ಶೇಂಗಾ ಸುಲಿದು, ಬಸ್ಸು ಕಾದು ಕಲಿತ ಸಂಖ್ಯಾಶಾಸ್ತ್ರ

2022ರಲ್ಲಿ ನಾನು ಹತ್ತನೇ ಕ್ಲಾಸು. ಚಳ್ಳಕೆರೆಯಿಂದ ಒಳಗೆ ಹೋದರೆ ಸಿಗುವ ಊರು ನಮ್ಮದು. ವರ್ಗಸಮೀಕರಣ, ತ್ರಿಭುಜದ ಪ್ರಮೇಯ ಎಲ್ಲ ಹೇಗೋ ಬರೆದು ಬರೆದು ಕೈಗೆ ಹತ್ತಿತ್ತು. ಸಂಖ್ಯಾಶಾಸ್ತ್ರ ಮಾತ್ರ ಹತ್ತಲಿಲ್ಲ. ಲೆಕ್ಕ ಕಷ್ಟ ಅಂತಲ್ಲ. ಸರಾಸರಿ, ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರೋದು), ಬಹುಲಕ (ಅತಿ ಹೆಚ್ಚು ಸಲ ಬರೋದು) ಅಂತ ಮೂರು ಯಾಕೆ ಬೇಕು, ಒಂದು ಸಾಲದಾ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆ ಸೂತ್ರ ಬಾಯಿಪಾಠ ಮಾಡಿದರೆ ಒಂದರ ಬಾಲ ಇನ್ನೊಂದಕ್ಕೆ ಸೇರಿಕೊಳ್ಳುತ್ತಿತ್ತು.

ಒಂದು ಭಾನುವಾರ ಅಜ್ಜಿ ಜಗಲಿ ಮೇಲೆ ಬಿತ್ತನೆಗೆ ಅಂತ ಶೇಂಗಾ ಸುಲಿಯುತ್ತಿದ್ದರು. ನನ್ನನ್ನೂ ಕೂರಿಸಿದರು. ಸುಮ್ನೆ ಕೂತು ಬೇಜಾರಾಗಿ, ನೂರು ಕಾಯಿ ಬೇರೆ ಇಟ್ಟುಕೊಂಡು ಒಂದೊಂದರಲ್ಲಿ ಎಷ್ಟು ಬೀಜ ಅಂತ ಗೀಟು ಹಾಕುತ್ತಾ ಹೋದೆ. ಒಂದು ಬೀಜದ್ದು 18, ಎರಡರದ್ದು 74, ಮೂರರದ್ದು 8. ಒಟ್ಟು 190 ಬೀಜ, ಸರಾಸರಿ 1.9. ಅಜ್ಜಿಗೆ ಹೇಳಿದೆ.

‘ಒಂದಕ್ಕೆ ಜಾಸ್ತಿ, ಎರಡಕ್ಕೆ ಕಮ್ಮಿ ಬೀಜ ಇರೋ ಕಾಯಿ ಯಾವ ಹೊಲದಾಗೆ ಬೆಳೀತಾರ್ಲಾ?’ ಅಂದರು.

ನಕ್ಕೆ. ಆಮೇಲೆ ಯೋಚನೆ ಹತ್ತಿತು. ಅಜ್ಜಿ ಕೇಳಿದ್ದು ಬಹುಲಕ! ಬುಟ್ಟಿಗೆ ಕೈ ಹಾಕಿದರೆ ಹೆಚ್ಚಾಗಿ ಸಿಗೋದು ಎರಡು ಬೀಜದ ಕಾಯಿ. ಹಾಗಂತ 1.9 ಸುಳ್ಳೂ ಅಲ್ಲ. ಸಾವಿರ ಕಾಯಿಗೆ ಎಷ್ಟು ಬೀಜ ಬರಬಹುದು ಅಂದರೆ ಅದೇ ಬೇಕು. ಕೇಳೋ ಪ್ರಶ್ನೆ ಬೇರೆ, ಅದಕ್ಕೇ ಉತ್ತರವೂ ಬೇರೆ.

ಆಮೇಲೆ ಬಸ್ಸು ಹಿಡಿದೆ, ಅಂದರೆ ಬಸ್ಸಿನ ಲೆಕ್ಕ. ಬೆಳಗಿನ ಬಸ್ಸು ಎಷ್ಟು ನಿಮಿಷ ತಡ ಅಂತ ರಫ್ ನೋಟಿನ ಕೊನೇ ಹಾಳೆಯಲ್ಲಿ 30 ದಿನ ಬರೆದೆ. ವರ್ಗಾಂತರ ಮಾಡಿದಾಗ, ಅಂದರೆ ಹತ್ತತ್ತು ನಿಮಿಷದ ಗುಂಪು ಮಾಡಿದಾಗ, ಹೀಗೆ ಬಂತು: 0–10ಕ್ಕೆ 12 ದಿನ, 10–20ಕ್ಕೆ 10, 20–30ಕ್ಕೆ 5, 30–40ಕ್ಕೆ 2. ಇನ್ನೊಂದು ದಿನ ಟೈರ್ ಪಂಕ್ಚರ್, ಅದು 90–100ರಲ್ಲಿ. ಮಧ್ಯಬಿಂದು ಹಿಡಿದು ಗುಣಿಸಿದರೆ ಸರಾಸರಿ 16.7 ನಿಮಿಷ. ಪಂಕ್ಚರ್ ದಿನ ಬಿಟ್ಟರೆ 14.

ಮಧ್ಯಾಂಕ ತೆಗೆಯುವಾಗ ಎಡವಿದೆ. 30ರ ಅರ್ಧ 15, ಅದು ಬೀಳೋದು 10–20ರಲ್ಲಿ. ಸೂತ್ರದಲ್ಲಿ ಸಂಚಿತ ಆವೃತ್ತಿ (ಆ ಸಾಲಿನವರೆಗಿನ ದಿನಗಳ ಒಟ್ಟು) ಹಾಕುವಾಗ ಅದೇ ಸಾಲಿನ 22 ಹಾಕಿಬಿಟ್ಟೆ. ಉತ್ತರ 3 ಬಂತು. 10–20ರ ಒಳಗೆ ಹುಡುಕಿದ್ದು 3 ಹೇಗಾದೀತು? ಹಾಕಬೇಕಿದ್ದದ್ದು ಹಿಂದಿನ ಸಾಲಿನ 12. 15ರಲ್ಲಿ 12 ಕಳೆದರೆ 3, ಅದನ್ನು ಆ ವರ್ಗದ ಆವೃತ್ತಿ (ದಿನಗಳ ಸಂಖ್ಯೆ) 10ರಿಂದ ಭಾಗಿಸಿ, ಅಗಲ 10ರಿಂದ ಗುಣಿಸಿ, 10ಕ್ಕೆ ಕೂಡಿದರೆ 13. ಅವತ್ತಿನಿಂದ ಉತ್ತರ ಬಂದ ತಕ್ಷಣ ಅದು ವರ್ಗಾಂತರದ ಒಳಗೇ ಇದೆಯಾ ಅಂತ ನೋಡೋದು ರೂಢಿಯಾಯಿತು. ಎಷ್ಟೋ ಜನ ಇದನ್ನು ನೋಡೋದೇ ಇಲ್ಲ, ಅರ್ಧ ನಿಮಿಷದ ಕೆಲಸ ಅಷ್ಟೇ.

ಪಂಕ್ಚರ್ ದಿನ ಬಿಟ್ಟು ಮತ್ತೆ ಮಧ್ಯಾಂಕ ತೆಗೆದೆ. 12.5. ಅಲ್ಲಾಡಿದ್ದು ಬರೀ ಅರ್ಧ ನಿಮಿಷ. ಸರಾಸರಿ ಹತ್ತಿರ ಹತ್ತಿರ ಮೂರು ನಿಮಿಷ ಜಿಗಿದಿತ್ತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ ಜಲಾಶಯ, ತುಂಬಿ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಆಗಲೇ. ಜನ ಜಾತ್ರೆಗೆ ಹೋದ ಹಾಗೆ ಹೋದರು, ನಾವೂ ಹೋದೆವು. ಮರುದಿನ ಕ್ಲಾಸಿನಲ್ಲಿ ಇದೇ ಮಾತು. ನಮ್ಮ ಗಣಿತದ ಮೇಷ್ಟ್ರು ಅದನ್ನೇ ಬೋರ್ಡಿಗೆ ತಂದರು. ಕೋಡಿಯಲ್ಲಿ ಹರಿದ ನೀರನ್ನು ಇಷ್ಟೂ ವರ್ಷಕ್ಕೆ ಹಂಚಿ ಸರಾಸರಿ ತೆಗೆದರೆ ಪ್ರತಿವರ್ಷ ಒಂದಿಷ್ಟು ಹರಿದ ಹಾಗೆ ಕಾಣುತ್ತೆ. ಮಧ್ಯಾಂಕ ಎಷ್ಟು ಅಂತ ಕೇಳಿದರು. ನಾನು ಕೂತಲ್ಲಿಂದಲೇ ‘ಸೊನ್ನೆ ಸಾರ್’ ಅಂದೆ. ಗಣಿತದ ಕ್ಲಾಸಿನಲ್ಲಿ ಕೈ ಎತ್ತದೆ ಉತ್ತರ ಹೇಳಿದ್ದು ಅದೇ ಮೊದಲು.

ಪರೀಕ್ಷೆಗೆ ಬೇರೆ ತಯಾರಿಯೂ ಮಾಡಿದ್ದೆ, ಹಳೇ ಪ್ರಶ್ನೆಪತ್ರಿಕೆ, ಗ್ರಾಫ್ ಹಾಳೆ, ಎಲ್ಲರೂ ಮಾಡೋದೇ. ಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಸಂಖ್ಯಾಶಾಸ್ತ್ರದ ಪ್ರಶ್ನೆ ಹುಡುಕಿಟ್ಟುಕೊಂಡು ಅದನ್ನೇ ಮೊದಲು ಬರೆದೆ.

ಪಿಯುಸಿಗೆ ದಾವಣಗೆರೆಗೆ ಬಂದೆ, ಸಂಖ್ಯಾಶಾಸ್ತ್ರವನ್ನೇ ಒಂದು ವಿಷಯವಾಗಿ ತಗೊಂಡೆ. ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ಪಾಠ ಬಂದ ದಿನ ರೂಮಿನಲ್ಲಿ ಆ ಹಳೇ ರಫ್ ನೋಟು ತೆಗೆದೆ. ಪಂಕ್ಚರ್ ದಿನ ಬಿಟ್ಟು 9.2 ನಿಮಿಷ, ಸೇರಿಸಿದರೆ 17.1. ಒಂದೇ ಒಂದು ಟೈರು ಅಷ್ಟು ಮಾಡಿತ್ತು.