ಹೊಲಿಯಲು ಆಗುವಷ್ಟೇ ಪ್ರಚಾರ: ಹನುಮಂತನಗರದ ನನ್ನ ಅಂಗಡಿಯ ಅನುಭವ

ಹನುಮಂತನಗರದ 50 ಅಡಿ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ ಇದೆ. 2011ರಲ್ಲಿ ಮನೆಯ ಹಜಾರದಲ್ಲಿ ಒಂದೇ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಅಕ್ಕಪಕ್ಕದ ಮನೆಯವರ ರವಿಕೆ ಹೊಲಿಯಲು ಆರಂಭಿಸಿದೆ. 2016ರಲ್ಲಿ ಈ ಮಳಿಗೆಯನ್ನು ಬಾಡಿಗೆಗೆ ಹಿಡಿದೆ. ಈಗ ಮುಂಭಾಗದಲ್ಲಿ ಬ್ಲೌಸ್ ಪೀಸ್, ಚೂಡಿದಾರ್ ಮೆಟೀರಿಯಲ್, ಕುರ್ತಿ, ನೈಟಿ, ಲಂಗಗಳ ಮಾರಾಟ ನಡೆಯುತ್ತದೆ. ಹಿಂಭಾಗದಲ್ಲಿ ಒಬ್ಬರು ಕಟಿಂಗ್ ಮಾಸ್ಟರ್ ಮತ್ತು ನಾಲ್ವರು ಹೊಲಿಯುವವರು ಕೆಲಸ ಮಾಡುತ್ತಾರೆ. ಸೀರೆಗೆ ಕುಚ್ಚು ಕಟ್ಟುವ ಮತ್ತು ಆರಿ ಕಸೂತಿ ಕೆಲಸ ಮಾಡುವ ಮೂವರು ಶ್ರೀನಗರದ ತಮ್ಮ ಮನೆಗಳಿಂದಲೇ ಕೆಲಸ ಮಾಡಿ ಕಳಿಸುತ್ತಾರೆ. ಅಂಗಡಿ ಬೆಳೆಯಲು ಪ್ರಚಾರ ಹೇಗೆ ಮಾಡಿದಿರಿ ಎಂದು ಈಗಷ್ಟೇ ಅಂಗಡಿ ತೆರೆದ ಕೆಲವರು ನನ್ನನ್ನು ಕೇಳುತ್ತಿರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು, ಪ್ರಚಾರ ತೀರಾ ಚೆನ್ನಾಗಿ ಫಲಿಸಿದ್ದರಿಂದಲೇ ನನ್ನ ಅಂಗಡಿ ಮುಚ್ಚುವ ಹಂತಕ್ಕೆ ಬಂದಿದ್ದ 2019ರ ಕಥೆಯನ್ನು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 9ರಂದು ಬಂದಿತ್ತು, ಆಷಾಢ ಮುಗಿದು ಸರಿಯಾಗಿ ಒಂದು ವಾರಕ್ಕೆ. ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿ, ಬೆಳಗಿನ ಜಾವ ದಿನಪತ್ರಿಕೆಗಳನ್ನು ಜೋಡಿಸುವ ಹುಡುಗರ ಕೈಗೆ ಕೊಟ್ಟು, ಹನುಮಂತನಗರ, ಶ್ರೀನಗರ ಮತ್ತು ಗವಿಪುರದ ಮನೆಗಳಿಗೆ ತಲುಪಿಸಿದೆ. ‘ಹಬ್ಬದೊಳಗೆ ಹೊಲಿದು ಕೊಡಲಾಗುವುದು’ ಎಂಬ ಸಾಲನ್ನು ಕೆಂಪು ದಪ್ಪಕ್ಷರದಲ್ಲಿ ಹಾಕಿಸಿದ್ದವಳು ನಾನೇ. ಆಗ ನನ್ನಲ್ಲಿದ್ದವರು ಇಬ್ಬರು ಹೊಲಿಯುವವರು. ಲೈನಿಂಗ್ ಹಾಕಿ, ಪೈಪಿಂಗ್ ಕೊಟ್ಟು, ಹುಕ್ ಕಟ್ಟಿ ಮುಗಿಸುವ ರವಿಕೆಯನ್ನು ಒಬ್ಬರು ದಿನಕ್ಕೆ ನಾಲ್ಕರಂತೆ ಹೊಲಿಯಬಲ್ಲರು. ಅಂದರೆ ಅಂಗಡಿಯಿಂದ ದಿನಕ್ಕೆ ಎಂಟು ರವಿಕೆ ಹೊರಬೀಳಬಹುದಾಗಿತ್ತು. ಇಪ್ಪತ್ತು ದಿನಗಳಿಗೆ ನೂರ ಅರವತ್ತು ಎಂಬ ಗುಣಾಕಾರ ಮಾಡಲು ದೊಡ್ಡ ಓದೇನೂ ಬೇಕಿರಲಿಲ್ಲ, ಆದರೆ ಬಾಗಿಲಲ್ಲಿ ಜನ ನಿಂತಿರುವಾಗ ಆ ಲೆಕ್ಕ ಮಾಡುವ ವ್ಯವಧಾನ ನನಗಿರಲಿಲ್ಲ. ಇನ್ನೂರ ನಲವತ್ತಕ್ಕೂ ಹೆಚ್ಚು ರವಿಕೆಗಳನ್ನು ಒಪ್ಪಿಕೊಂಡುಬಿಟ್ಟೆ.

ಹಬ್ಬದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಅಂಗಡಿಯ ಮುಂದೆ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ನಿಂತಿದ್ದರು. ಅವಸರದಲ್ಲಿ ಹೊಲಿದವುಗಳಲ್ಲಿ ಕೆಲವಕ್ಕೆ ತೋಳು ಬಿಗಿ, ಕೆಲವಕ್ಕೆ ಕತ್ತು ಅಗಲ; ಎರಡು ರವಿಕೆಗಳ ಲೈನಿಂಗ್ ಅದಲುಬದಲಾಗಿತ್ತು. ಮದುವೆಯಾದ ಮೊದಲ ವರ್ಷದ ಪೂಜೆಗೆ ಕೂರಬೇಕಿದ್ದ ಒಬ್ಬ ಹೆಣ್ಣುಮಗಳು ಏನೂ ಮಾತನಾಡದೆ, ಕತ್ತರಿಸಿಟ್ಟಿದ್ದ ತುಂಡುಗಳನ್ನು ಹಾಗೆಯೇ ಕವರಿನಲ್ಲಿ ಹಾಕಿಸಿಕೊಂಡು ಹೋದಳು. ಬೈದವರಲ್ಲಿ ಬಹಳಷ್ಟು ಮಂದಿ ಮತ್ತೆ ಬಂದರು, ಆಕೆ ಬರಲಿಲ್ಲ. ಕರಪತ್ರ ನೋಡಿ ಬಂದ ಹೊಸಬರಲ್ಲಿ ಮುಕ್ಕಾಲು ಪಾಲು ಜನರನ್ನು ನಾನು ಮತ್ತೆ ಕಾಣಲಿಲ್ಲ. ಸಾಲದ್ದಕ್ಕೆ ಎಂಟು ವರ್ಷಗಳಿಂದ ನಮ್ಮಲ್ಲೇ ಹೊಲಿಸುತ್ತಿದ್ದ ಕೆಲವರನ್ನೂ ಕಳೆದುಕೊಂಡೆ, ಏಕೆಂದರೆ ಹೊಸಬರ ನೂಕುನುಗ್ಗಲಿನಲ್ಲಿ ತಡವಾದದ್ದು ಹಳಬರ ಬಟ್ಟೆಗಳೇ.

ಬಟ್ಟೆ ಮಾರುವುದು ಮತ್ತು ಬಟ್ಟೆ ಹೊಲಿಯುವುದು ಒಂದೇ ಸೂರಿನಡಿ ನಡೆದರೂ ಎರಡು ಬೇರೆ ವ್ಯಾಪಾರಗಳೆಂಬುದು ನನಗೆ ಅರ್ಥವಾದದ್ದು ಆಗ. ಚಿಕ್ಕಪೇಟೆಯಿಂದ ತಂದ ಕುರ್ತಿಗಳನ್ನು ಒಂದೇ ದಿನದಲ್ಲಿ ಎಷ್ಟು ಮಂದಿ ಬಂದು ಕೊಂಡರೂ ತೊಂದರೆಯಿಲ್ಲ. ಮುಗಿದರೆ ಮರುದಿನ ಬೆಳಿಗ್ಗೆ ಮೆಟ್ರೊ ಹತ್ತಿ ಹೋಗಿ ಇನ್ನಷ್ಟು ತರಬಹುದು. ಹೊಲಿಗೆಯನ್ನು ಹಾಗೆ ತರಲು ಬರುವುದಿಲ್ಲ. ಆದ್ದರಿಂದ ಈಗ ನಾನು ಬಟ್ಟೆಗೆ ಮಾಡುವ ಪ್ರಚಾರವೇ ಬೇರೆ, ಹೊಲಿಗೆಗೆ ಮಾಡುವ ಪ್ರಚಾರವೇ ಬೇರೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಉದ್ದನೆಯ ನೋಟುಪುಸ್ತಕವಿದೆ. ಪ್ರತಿ ದಿನಾಂಕಕ್ಕೂ ಒಂದು ಪುಟ, ಪುಟಕ್ಕೆ ಇಷ್ಟೇ ಸಾಲು. ಸಾಲು ತುಂಬಿದರೆ ಆ ದಿನಾಂಕಕ್ಕೆ ಯಾರೇ ಕೇಳಿದರೂ ಒಪ್ಪಿಕೊಳ್ಳುವಂತಿಲ್ಲ. ನನ್ನ ಸ್ವಂತ ನಾದಿನಿಗೂ ಒಮ್ಮೆ ಇಲ್ಲವೆಂದಿದ್ದೇನೆ. ಅದರ ಫಲವನ್ನು ಮನೆಯಲ್ಲಿ ಅನುಭವಿಸಿದ್ದು ಬೇರೆ ಮಾತು.

ಆಷಾಢದ ವಿಷಯದಲ್ಲಿ ನಾನು ಮಾಡಿಕೊಂಡ ಬದಲಾವಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೆಂಗಳೂರಿನಲ್ಲಿ ಆಷಾಢ ಬಂತೆಂದರೆ ಬಟ್ಟೆ ಅಂಗಡಿಗಳೆಲ್ಲ ರಿಯಾಯಿತಿ ಮಾರಾಟದ ಬೋರ್ಡು ತೂಗುಹಾಕುತ್ತವೆ, ಏಕೆಂದರೆ ಆ ತಿಂಗಳಲ್ಲಿ ಮದುವೆ, ಗೃಹಪ್ರವೇಶಗಳಿರುವುದಿಲ್ಲ. ದೊಡ್ಡ ಅಂಗಡಿಗಳ ಜೊತೆ ಬಟ್ಟೆಯ ಬೆಲೆಯಲ್ಲಿ ಪೈಪೋಟಿ ಮಾಡುವ ಶಕ್ತಿ ನನ್ನಂಥವರಿಗಿಲ್ಲ. ಆದರೆ ಅದೇ ತಿಂಗಳಲ್ಲಿ ನನ್ನ ಹೊಲಿಗೆ ಯಂತ್ರಗಳು ಅರ್ಧ ದಿನ ಸುಮ್ಮನೆ ನಿಂತಿರುತ್ತವೆ, ಹೊಲಿಯುವವರಿಗೆ ಸಂಬಳ ಮಾತ್ರ ಪೂರ್ತಿ ಕೊಡಬೇಕು. ಆದ್ದರಿಂದ 2021ರಿಂದ ರಿಯಾಯಿತಿಯನ್ನು ಬಟ್ಟೆಯ ಮೇಲಿಂದ ತೆಗೆದು ಹೊಲಿಗೆ ಕೂಲಿಯ ಮೇಲೆ ಹಾಕಿದೆ. ಶ್ರಾವಣ, ಭಾದ್ರಪದದ ಹಬ್ಬಗಳಿಗೆ ಬೇಕಾದ ರವಿಕೆಯನ್ನು ಆಷಾಢದಲ್ಲೇ ಕೊಟ್ಟವರಿಗೆ ಕೂಲಿಯಲ್ಲಿ ಐದನೇ ಒಂದು ಭಾಗ ಕಡಿಮೆ; ಶ್ರಾವಣ ಹುಟ್ಟಿದ ಮೇಲೆ ಕೊಟ್ಟವರಿಗೆ ಪೂರ್ತಿ ಕೂಲಿ. ಆಷಾಢದಲ್ಲಿ ಬಟ್ಟೆ ಹೊಲಿಸಬಾರದೆಂಬ ನಂಬಿಕೆ ಕೆಲವರಿಗಿರಬಹುದೆಂದು ನಾನು ಅಂಜಿದ್ದೆ. ವಿಚಾರಿಸಿದಾಗ ಹೆಚ್ಚಿನವರು ಹೊಸ ಬಟ್ಟೆಯನ್ನು ಉಡುವುದು ಹಬ್ಬದ ದಿನವಾದ್ದರಿಂದ ಹೊಲಿಸುವುದಕ್ಕೆ ಅಡ್ಡಿಯಿಲ್ಲವೆಂದರು. ಅದಲ್ಲದೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆ ತಿಂಗಳು ತವರಿನಲ್ಲಿರುತ್ತಾರೆ. ತಾಯಿಯೊಡನೆ ಬಿಡುವಾಗಿ ಬಂದು ಅಳತೆ ಕೊಡುತ್ತಾರೆ, ಟ್ರಯಲ್‌ಗೂ ತಪ್ಪದೆ ಬರುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಹೋದಾಗ ನಮಗೆ ಪೂರ್ತಿ ಒಂದು ತಿಂಗಳು ಹೆಚ್ಚಿಗೆ ಸಿಕ್ಕಿತು. ನಮ್ಮ ಮಾಸ್ಟರ್ ಹಬ್ಬದ ಹಿಂದಿನ ದಿನ ಮಧ್ಯಾಹ್ನವೇ ಊಟಕ್ಕೆ ಮನೆಗೆ ಹೋದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಪಂಚಾಂಗವನ್ನು ಯುಗಾದಿಯ ವಾರದಲ್ಲೇ ಮುಂದಿಟ್ಟುಕೊಂಡು ವರ್ಷದ ಪ್ರಚಾರವನ್ನು ಗುರುತು ಹಾಕಿಕೊಳ್ಳುವ ಅಭ್ಯಾಸ ಅಂದಿನಿಂದ ಬಂದಿದೆ.

ಮೊಬೈಲ್ ಮೂಲಕ ಮಾಡಿದ ಪ್ರಚಾರದಲ್ಲೂ ತಪ್ಪು ಮಾಡಿಯೇ ಕಲಿತೆ. ವಾಟ್ಸ್ಆ್ಯಪ್‌ನಲ್ಲಿ ಸುಮಾರು ನೂರ ಎಂಬತ್ತು ಗ್ರಾಹಕರನ್ನು ಸೇರಿಸಿ ಒಂದು ಗ್ರೂಪ್ ಮಾಡಿ, ಹೊಸ ಬಟ್ಟೆ ಬಂದಾಗಲೆಲ್ಲ ಚಿತ್ರ ಹಾಕುತ್ತಿದ್ದೆ. ಗ್ರೂಪ್‌ನಲ್ಲಿರುವ ಪ್ರತಿಯೊಬ್ಬರಿಗೂ ಉಳಿದವರ ಫೋನ್ ನಂಬರ್ ಕಾಣುತ್ತದೆಂಬುದನ್ನು ನಾನು ಗಂಭೀರವಾಗಿ ಯೋಚಿಸಿರಲಿಲ್ಲ. ಯಾರದೋ ಮನೆಯ ಗಂಡಸೊಬ್ಬ ಆ ನಂಬರುಗಳನ್ನು ತೆಗೆದುಕೊಂಡು ಇಬ್ಬರು ಹುಡುಗಿಯರಿಗೆ ಸಲ್ಲದ ಸಂದೇಶ ಕಳಿಸತೊಡಗಿದ. ಅವರಲ್ಲಿ ಒಬ್ಬಳ ತಾಯಿ ಅಂಗಡಿಗೆ ಬಂದು, “ಅಳತೆ ಕೊಡೋದಕ್ಕೆ ನಂಬರ್ ಕೊಟ್ವಿ ಅಕ್ಕಾ, ಊರಿಗೆಲ್ಲ ಹಂಚೋದಕ್ಕಲ್ಲ” ಎಂದಾಗ ನನಗೆ ತಲೆ ಎತ್ತಲಾಗಲಿಲ್ಲ. ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಗೆ ಅವರು ಮೈಯ ಅಳತೆಯನ್ನೇ ನಂಬಿ ಒಪ್ಪಿಸಿರುತ್ತಾರೆ. ಅಂದೇ ಗ್ರೂಪ್ ಅಳಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ.

ಅದರ ಬದಲಿಗೆ ಈಗ ಬಳಸುತ್ತಿರುವುದು ವಾಟ್ಸ್ಆ್ಯಪ್ ಬಿಸಿನೆಸ್‌ನ ಬ್ರಾಡ್‌ಕಾಸ್ಟ್ ಪಟ್ಟಿ. ಅದರಲ್ಲಿ ಸಂದೇಶ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದು ಪಟ್ಟಿಯಲ್ಲಿ 256 ಜನರಿಗಷ್ಟೇ ಅವಕಾಶ. ಅದೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಮೊದಲು ಇದನ್ನು ಕೊರತೆಯೆಂದುಕೊಂಡಿದ್ದೆ, ಈಗ ಅದೇ ಒಳ್ಳೆಯದೆನಿಸುತ್ತದೆ: ಬೇಡವಾದವರಿಗೆ ನಾವು ಕಿರಿಕಿರಿ ಮಾಡುವುದಿಲ್ಲ. ನಂಬರ್ ಉಳಿಸಿಕೊಳ್ಳುವಂತೆ ಮಾಡಲು ನಾನು ಕಂಡುಕೊಂಡ ದಾರಿಯೆಂದರೆ, ‘ನಿಮ್ಮ ಬಟ್ಟೆ ಸಿದ್ಧವಾಗಿದೆ’ ಎಂಬ ಸಂದೇಶವನ್ನು ಅದೇ ನಂಬರಿನಿಂದ ಕಳಿಸುವುದು. ಹೊಲಿಗೆಗೆ ಕೊಟ್ಟವರು ಕಾಯುವುದೇ ಆ ಸಂದೇಶಕ್ಕೆ. ತಿಂಗಳಿಗೆ ಮೂರಕ್ಕಿಂತ ಹೆಚ್ಚು ಪ್ರಚಾರ ಸಂದೇಶ ಕಳಿಸಬಾರದೆಂದು ನಿಯಮ ಹಾಕಿಕೊಂಡಿದ್ದೇನೆ.

ಚಿತ್ರಗಳ ವಿಚಾರದಲ್ಲಿ ಒಂದೆರಡು ಮಾತು. ಟ್ಯೂಬ್‌ಲೈಟ್ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣ ಬೂದಿಯಾಗಿ, ನವಿಲುಕತ್ತಿನ ಬಣ್ಣ ಬರೀ ನೀಲಿಯಾಗಿ ಕಾಣುತ್ತದೆ. ಸೀರೆಗೆ ಹೊಂದುವ ಬ್ಲೌಸ್ ಪೀಸ್ ಹುಡುಕುವವರಿಗೆ ಆ ವ್ಯತ್ಯಾಸವೇ ಮುಖ್ಯ. ಬೆಳಿಗ್ಗೆ ಹತ್ತರ ಒಳಗೆ ಬಾಗಿಲ ಬಳಿಯ ನೆರಳಿನಲ್ಲಿ, ಬಿಸಿಲು ನೇರವಾಗಿ ಬೀಳದಂತೆ ತೆಗೆಯುತ್ತೇವೆ. ಹೊಲಿದ ರವಿಕೆಗಳನ್ನು ಗೊಂಬೆಗೆ ತೊಡಿಸಿ ತೋರಿಸುತ್ತೇವೆಯೇ ಹೊರತು ಗ್ರಾಹಕರ ಮುಖವಾಗಲಿ ಬೆನ್ನಾಗಲಿ ಹಾಕುವುದಿಲ್ಲ. ತಾವಾಗಿಯೇ ಫೋಟೊ ಕಳಿಸಿ ಹಾಕಿ ಎಂದವರದ್ದು ಮಾತ್ರ ಬೇರೆ.

ಇನ್‌ಸ್ಟಾಗ್ರಾಂನಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿದಾಗ ಮೊದಲ ಸಲ ಇಡೀ ಬೆಂಗಳೂರನ್ನು ಆರಿಸಿದ್ದೆ. ಯಲಹಂಕದಿಂದಲೂ ವೈಟ್‌ಫೀಲ್ಡ್‌ನಿಂದಲೂ ಬೆಲೆ ಕೇಳಿದವರು ಬಹಳ, ಬಂದವರು ಇಬ್ಬರೋ ಮೂವರೋ. ಅದೇ ಹುಮ್ಮಸ್ಸಿನಲ್ಲಿ ವೈಟ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಗೌರಿ ಹಬ್ಬಕ್ಕೆ ಮುಂಚೆ ಮೇಜು ಬಾಡಿಗೆಗೆ ಹಿಡಿದು ಬಟ್ಟೆ ಇಟ್ಟೆ. ಗುಳೇದಗುಡ್ಡದ ಖಣದ ರವಿಕೆ ಬಟ್ಟೆಗಳು ಎರಡೇ ಗಂಟೆಯಲ್ಲಿ ಖಾಲಿಯಾದವು, ಜೊತೆಗೆ ಹದಿನೈದು ರವಿಕೆಗಳ ಹೊಲಿಗೆಯೂ ಸಿಕ್ಕಿತು. ಆ ಹದಿನೈದನ್ನು ತಲುಪಿಸಲು, ಮತ್ತು ಅವುಗಳಲ್ಲಿ ಆರನ್ನು ಸರಿಪಡಿಸಲು ವಾಪಸ್ ತಂದು ಮತ್ತೆ ತಲುಪಿಸಲು, ಟ್ರಾಫಿಕ್‌ನಲ್ಲಿ ಕಳೆದ ಮೂರು ದಿನಗಳ ಲೆಕ್ಕ ಹಾಕಿದರೆ ಲಾಭವೆಂಬುದು ಆಟೊಗೇ ಹೋಗಿತ್ತು. ಹೊಲಿಗೆಯ ಗಿರಾಕಿ ಒಂದು ರವಿಕೆಗೆ ಮೂರು ಸಲ ಬರಬೇಕು: ಅಳತೆಗೆ, ಟ್ರಯಲ್‌ಗೆ, ಒಯ್ಯುವುದಕ್ಕೆ. ಹಾಗೆ ಬರಬಲ್ಲವರು ಹತ್ತಿರದವರೇ. ಈಗ ಜಾಹೀರಾತನ್ನು ಅಂಗಡಿಯಿಂದ ನಾಲ್ಕು ಕಿಲೋಮೀಟರ್ ವ್ಯಾಪ್ತಿಗೆ ಮಿತಿಗೊಳಿಸಿದ್ದೇನೆ. ಬಸವನಗುಡಿ, ಕತ್ರಿಗುಪ್ಪೆ, ಚಾಮರಾಜಪೇಟೆ ಅದರೊಳಗೆ ಬರುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ, ಬಡಾವಣೆ ಬಿಟ್ಟು ಕೆಂಗೇರಿ ಕಡೆಗೆ ಮನೆ ಮಾಡಿಕೊಂಡು ಹೋಗಿದ್ದ ಕೆಲವು ಹಳೆಯ ಗ್ರಾಹಕರು ಮತ್ತೆ ಬರತೊಡಗಿದ್ದು ನಾನು ಬಯಸದೇ ಬಂದ ಭಾಗ್ಯ.

ಬೋರ್ಡಿನ ಕಥೆ ಇನ್ನೊಂದು. ಮಳಿಗೆ ತೆರೆದಾಗ ಇಂಗ್ಲಿಷಿನಲ್ಲಿ ‘ಬೊಟಿಕ್’ ಎಂದು ದೊಡ್ಡದಾಗಿ ಬರೆಸಿದ್ದೆ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು ಬಿಬಿಎಂಪಿ 2024ರ ಫೆಬ್ರುವರಿ 28ರ ಗಡುವು ಕೊಟ್ಟಾಗ ಖರ್ಚು ಬಂತಲ್ಲ ಎಂದು ಗೊಣಗಿಕೊಂಡೇ ಹೊಸ ಬೋರ್ಡು ಮಾಡಿಸಿದೆ. ಹೇಗೂ ಬದಲಿಸುತ್ತಿದ್ದೇನೆಂದು, ಅಂಗಡಿಯ ಹೆಸರಿನ ಕೆಳಗೆ ‘ಬ್ಲೌಸ್, ಚೂಡಿದಾರ್ ಹೊಲಿದು ಕೊಡಲಾಗುತ್ತದೆ, ಫಾಲ್, ಜಿಗ್‌ಜಾಗ್, ಕುಚ್ಚು, ಹಳೆಯ ರವಿಕೆ ಬಿಗಿ ಸಡಿಲ ಮಾಡಲಾಗುತ್ತದೆ’ ಎಂದು ಬರೆಸಿದೆ. ಎದುರು ಸಾಲಿನ ಮನೆಯ ಹಿರಿಯರೊಬ್ಬರು ಅದೇ ವಾರ ಒಳಗೆ ಬಂದು, ಎಂಟು ವರ್ಷದಿಂದ ಇದು ದುಬಾರಿ ಅಂಗಡಿ, ತಮ್ಮಂಥವರಿಗಲ್ಲ ಎಂದುಕೊಂಡಿದ್ದಾಗಿ ಹೇಳಿದರು. ರವಿಕೆ ಸಡಿಲ ಮಾಡುವುದರಲ್ಲಿ ಸಿಗುವ ಹಣ ಅಷ್ಟಕ್ಕಷ್ಟೇ. ಆದರೆ ನಮ್ಮ ಮಾಸ್ಟರ್ ರವಿಕೆಯ ಒಳಗೆ ಎರಡು ಬದಿಯಲ್ಲೂ ಬಟ್ಟೆ ಬಿಟ್ಟಿರುವುದರಿಂದಲೇ ಅದು ಸಾಧ್ಯವೆಂದೂ, ಬೇರೆ ಕಡೆ ಹೊಲಿಸಿದ್ದರಲ್ಲಿ ಹಾಗೆ ಬಿಟ್ಟಿಲ್ಲವೆಂದೂ ಬಿಚ್ಚಿ ತೋರಿಸಿದಾಗ ಮುಂದಿನ ಹೊಲಿಗೆ ನಮ್ಮಲ್ಲಿಗೇ ಬರುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಾಗ, ಅಂದೇ ನವರಾತ್ರಿಯೂ ಆರಂಭವಾದ್ದರಿಂದ, ಹಳೆಯ ಬೆಲೆ ಹೊಡೆದು ಹೊಸ ಬೆಲೆ ಬರೆದ ಚೀಟಿಯನ್ನು ಚೂಡಿದಾರ್ ಸೆಟ್‌ಗಳಿಗೆ ಹಚ್ಚಿದೆ. ಆ ವಾರ ಬೇರೆ ಯಾವ ಪ್ರಚಾರವೂ ಬೇಕಾಗಲಿಲ್ಲ.

ನನಗೆ ಅತ್ಯಂತ ಅಗ್ಗವಾಗಿ ದೊರೆತ ಪ್ರಚಾರವೆಂದರೆ ಚೀಲ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರು ನಿಷೇಧವಾದಾಗ ಅಂಗಡಿ ಆಗಷ್ಟೇ ಹೊಸದು. ಕತ್ತರಿಸಿ ಉಳಿದ ಪಾಪ್ಲಿನ್ ತುಂಡುಗಳನ್ನು ಜೋಡಿಸಿ, ಬಿಡುವಿನ ಹೊತ್ತಿನಲ್ಲಿ ಕೈಚೀಲ ಹೊಲಿದು, ಅಂಗಡಿಯ ಹೆಸರು ಮತ್ತು ನಂಬರಿನ ಪಟ್ಟಿ ಹಚ್ಚಿ ಕೊಡತೊಡಗಿದೆವು. ಗಟ್ಟಿಯಾದ ಎರಡೆಳೆ ಹೊಲಿಗೆ ಹಾಕುವುದರಿಂದ ಅದು ಗಾಂಧಿಬಜಾರಿನ ತರಕಾರಿಯನ್ನೂ ಹೂವನ್ನೂ ವರ್ಷಗಟ್ಟಲೆ ಹೊರುತ್ತದೆ. ಕಡಲೆಕಾಯಿ ಪರಿಷೆಯಲ್ಲಿ ಯಾರದೋ ಕೈಯಲ್ಲಿ ಈ ಚೀಲ ಕಂಡು, ಅದರ ಹೊಲಿಗೆಯನ್ನೇ ತಿರುಗಿಸಿ ನೋಡಿ, ನಂಬರ್ ಬರೆದುಕೊಂಡು ಬಂದವರಿದ್ದಾರೆ.

2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಮದುವೆಯ ಹೊಲಿಗೆ ಇರುವುದಿಲ್ಲ, ಆಷಾಢವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಆ ತಿಂಗಳಿಗೆ ನೋಟುಪುಸ್ತಕದಲ್ಲಿ ದಿನಕ್ಕೆ ಹದಿನಾರು ಸಾಲು ಗೀಚಿಟ್ಟಿದ್ದೇನೆ. ಕೂಲಿ ರಿಯಾಯಿತಿಯ ಸಂದೇಶವನ್ನೂ ಬರೆದಾಗಿದೆ. ‘ಹಬ್ಬದೊಳಗೆ’ ಎಂಬ ಪದ ಅದರಲ್ಲಿಲ್ಲ, ಬಟ್ಟೆ ಕೊಟ್ಟ ದಿನದಿಂದ ಹತ್ತನೆಯ ದಿನ ಎಂದಿದೆ.