ಅರ್ಧ ಹೆಜ್ಜೆ ಹಿಂದೆ: ಒಂದು ಆಡಿಯೋ ನಾಟಕ ಮಾಡಿದ ನನ್ನ ಅನುಭವ

ಸ್ಕ್ರಿಪ್ಟ್ ಓದಿದ ಐವರಲ್ಲಿ ನಾಲ್ವರು ಹೇಳಿದ್ದು ಒಂದೇ ಮಾತು: ನಿರೂಪಕ ಇಲ್ಲದಿದ್ದರೆ ಇದು ಯಾರಿಗೂ ತಿಳಿಯೋದಿಲ್ಲ. ಈಗ ನಾಟಕ ಮುಗಿದಿದೆ. ಹತ್ತಿರಹತ್ತಿರ 42 ನಿಮಿಷ, ನಿರೂಪಕನ ಒಂದು ಸಾಲೂ ಇಲ್ಲ, ಕೇಳಿದವರಿಗೆ ತಿಳಿದಿದೆ. ಮೈಕ್ ಎಷ್ಟು ದೂರ ಇಡಬೇಕು, ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಟ್ರ್ಯಾಕ್ ಹೇಗೆ ಕತ್ತರಿಸಬೇಕು ಅನ್ನೋದೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತೇ ಇರುತ್ತದೆ. ಎಲ್ಲಿ ಕೆಟ್ಟಿತು, ಎಷ್ಟು ದುಡ್ಡು ಹೋಯಿತು ಅನ್ನೋದನ್ನಷ್ಟೇ ಬರೆಯುತ್ತೇನೆ.

ಕಥೆ ಸಣ್ಣದು. ಧಾರವಾಡ, ಎರಡನೇ ಪಿಯುಸಿ, ಮಳೆಗಾಲ. ಹರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪಕ್ಕದ ಬೆಂಚಿನ ಮಲ್ಲು ಅವನನ್ನು ಕಾಲೇಜಿನಿಂದ ಹಾಸ್ಟೆಲ್ಲಿಗೆ ದಿನಾ ಬಿಟ್ಟು ಬರುತ್ತಾನೆ. ಅದು ಬರೀ ಗೆಳೆತನ ಅಲ್ಲ ಅಂತ ಇಬ್ಬರಿಗೂ ತಿಳಿಯುವ ಹೊತ್ತಿಗೆ ಮಳೆ ನಿಂತಿರುತ್ತದೆ. ಹದಿನೇಳರ ಹುಡುಗರು, ಕೈ ಹಿಡಿಯುವುದರಾಚೆ ಕಥೆ ಹೋಗಬಾರದು ಅಂತ ಮೊದಲೇ ಗೆರೆ ಎಳೆದುಕೊಂಡಿದ್ದೆ. ತೊಂದರೆ ಶುರುವಾದದ್ದೂ ಅಲ್ಲೇ. ಕೈ ಹಿಡಿಯುವುದಕ್ಕೆ ಸದ್ದೇ ಇಲ್ಲ.

ಮೊದಲು ಬಟ್ಟೆಯ ಸರಬರ ಹಾಕಿದೆ. ಛತ್ರಿ ಮಡಚಿದ ಹಾಗೆ ಕೇಳಿತು. ಉಸಿರು ಹಾಕಿದೆ, ಒಬ್ಬರಿಗೆ ಅಸ್ತಮಾ ಅನ್ನಿಸಿತು, ಇನ್ನೊಬ್ಬರಿಗೆ ಬೇರೇನೋ ಅನ್ನಿಸಿತು, ಎರಡೂ ಬೇಡ. "ನಿನ್ನ ಕೈ ಎಷ್ಟ್ ಬೆಚ್ಚಗೈತಿ" ಅಂತ ಮಾತಿನಲ್ಲೇ ಹೇಳಿಸಿದೆ. ಕೇಳಿದವರು ನಕ್ಕರು. ಈ ಮೂರು ಪ್ರಯತ್ನಕ್ಕೆ ಸ್ಟುಡಿಯೋ ಬಾಡಿಗೆಯೇ ಏಳೆಂಟು ಗಂಟೆ, ಗಂಟೆಗೆ 700ರ ಲೆಕ್ಕ.

ಉತ್ತರ ಸಿಕ್ಕಿದ್ದು ಹೆಜ್ಜೆಯಲ್ಲಿ. ಕಣ್ಣು ಕಾಣದವರನ್ನು ನಾವು ಕೈ ಹಿಡಿದು ಎಳೆದುಕೊಂಡು ಹೋಗುವುದಲ್ಲ. ಅವರು ನಮ್ಮ ಮೊಣಕೈಯ ತುಸು ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನಾವು ಮೆಟ್ಟಿಲು ಇಳಿದರೆ ಅವರಿಗೆ ಮೊದಲೇ ತೋಳಿನಲ್ಲಿ ಗೊತ್ತಾಗುತ್ತದೆ. ಹಾಗಾಗಿ ನಾಟಕದ ಮುಕ್ಕಾಲು ಭಾಗ ಹರಿಯ ಹೆಜ್ಜೆ ಮಲ್ಲುವಿನ ಹೆಜ್ಜೆಗಿಂತ ಒಂದು ಚೂರು ತಡವಾಗಿ ಬೀಳುತ್ತದೆ. ಕೆಲಗೇರಿ ಕೆರೆಯ ದೃಶ್ಯದಲ್ಲಿ ಹರಿ ಮೊಣಕೈ ಬಿಟ್ಟು ಅಂಗೈ ಹಿಡಿಯುತ್ತಾನೆ, ಅಲ್ಲಿಂದ ಇಬ್ಬರ ಹೆಜ್ಜೆಯೂ ಒಟ್ಟಿಗೆ ಬೀಳುತ್ತದೆ. ಮಾತಿಲ್ಲ, ಸಂಗೀತವಿಲ್ಲ. ನಿಜಜೀವನದಲ್ಲಿ ಮೊಣಕೈ ಹಿಡಿದು ನಡೆದರೂ ಎಷ್ಟೋ ಸಲ ಹೆಜ್ಜೆ ಕೂಡುತ್ತದೆ. ಇದು ನಾಟಕಕ್ಕೆ ತೆಗೆದುಕೊಂಡ ಸಲಿಗೆ.

ಎಷ್ಟು ತಡ ಅನ್ನುವುದೇ ಎಲ್ಲ. ನಿಮಿಷಕ್ಕೆ ನೂರು ಹೆಜ್ಜೆಯ ನಡಿಗೆಯಲ್ಲಿ 0.1 ಸೆಕೆಂಡ್ ತಡ ಇಟ್ಟರೆ ಪ್ರತಿಧ್ವನಿ ಇದ್ದ ಹಾಗೆ, ಒಬ್ಬನೇ ನಡೆಯುತ್ತಿದ್ದಾನೆ ಅನ್ನಿಸುತ್ತದೆ. 0.3 ಇಟ್ಟರೆ ಟಾಂಗಾ ಕುದುರೆ. 0.2ರ ಆಸುಪಾಸು ಸರಿ ಹೋಯಿತು, ಅದೂ ಪ್ರತಿ ಹೆಜ್ಜೆಗೂ ಚೂರು ಹೆಚ್ಚುಕಮ್ಮಿ ಮಾಡಿದ ಮೇಲೆ. ಒಬ್ಬನಿಗೆ ರಬ್ಬರ್ ಚಪ್ಪಲಿ, ಇನ್ನೊಬ್ಬನಿಗೆ ಶೂ. ಎರಡೂ ಚಪ್ಪಲಿಯಾದರೆ ಎಷ್ಟು ತಿದ್ದಿದರೂ ಗೊಂದಲ. ಕೊನೆಯಲ್ಲಿ ಹೆಜ್ಜೆಗಳನ್ನು ಕೂಡಿಸುವಾಗ ಒಮ್ಮೆಲೇ ಕೂಡಿಸಬಾರದು, ಏಳೆಂಟು ಹೆಜ್ಜೆಯ ಒಳಗೆ ಕೂಡಬೇಕು. ಯಾವ ಹೆಜ್ಜೆಯಿಂದ ಶುರು ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಬಿಳಿ ಕೋಲಿನಲ್ಲೂ ಒಂದು ಸಲ ಸೋತೆ. ಬಲಗಾಲು ಮುಂದೆ ಬರುವಾಗ ಕೋಲಿನ ತುದಿ ಎಡಕ್ಕೆ ತಾಗಬೇಕು, ಎಡಗಾಲಿಗೆ ಬಲಕ್ಕೆ. ನಾನು ಕೋಲಿನ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಮೇಲೆ ಸುರಿದಿದ್ದೆ, ಹೆಜ್ಜೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದಲ್ಲದೆ ಸಿಮೆಂಟಿನ ಮೇಲೆ ಟಕ್ ಅನ್ನುವ ಕೋಲು ಧಾರವಾಡದ ಹಸಿ ಕೆಮ್ಮಣ್ಣಿನಲ್ಲಿ ಬರೀ ಪಚ್ ಅನ್ನುತ್ತದೆ. ಮಳೆ ಬಿದ್ದ ದೃಶ್ಯದಲ್ಲಿ ಟಕ್ ಟಕ್ ಹಾಕಿದ್ದೆನಲ್ಲ, ದಡ್ಡತನ.

ಇನ್ನು ಬ್ರೈಲ್ ಚೀಟಿ. ಇದರ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ಬ್ರೈಲಿನಲ್ಲಿ ಒಂದೊಂದು ಅಕ್ಷರಕ್ಕೂ ಆರು ಚುಕ್ಕೆಯ ಒಂದು ಮನೆ, ಎಡಸಾಲಿನಲ್ಲಿ ಮೇಲಿನಿಂದ 1-2-3, ಬಲಸಾಲಿನಲ್ಲಿ 4-5-6. ಸ್ಲೇಟಿನಲ್ಲಿ, ಅಂದರೆ ಕಾಗದ ಸಿಕ್ಕಿಸುವ ಕಿಂಡಿಪಟ್ಟಿಯಲ್ಲಿ, ಕಡ್ಡಿಯಿಂದ ಚುಚ್ಚುವಾಗ ಬಲದಿಂದ ಎಡಕ್ಕೆ ಬರೆಯಬೇಕು, ಚುಕ್ಕೆಗಳೂ ಅದಲುಬದಲಾಗಬೇಕು, ಕಾಗದ ತಿರುವಿದಾಗ ಸರಿಯಾಗುತ್ತದೆ. ಮಲ್ಲು ಗುಟ್ಟಾಗಿ ಕಲಿತು ಗೆಳೆಯನ ಹೆಸರು ಬರೆಯುತ್ತಾನೆ. ಬಲದಿಂದ ಎಡಕ್ಕೇನೋ ಬರೆದ, ಒಂದೊಂದು ಮನೆಯೊಳಗಿನ ಚುಕ್ಕೆಗಳನ್ನು ಮಾತ್ರ ತಿರುಗಿಸಲಿಲ್ಲ. ಹ ಅಂದರೆ 1-2-5, ಉಲ್ಟಾ ಆದರೆ 2-4-5, ಅದು ಜ. ರ ಅಂದರೆ 1-2-3-5, ಉಲ್ಟಾ ಆದರೆ 2-4-5-6, ಅದು ಠ. ಇಕಾರ 2-4, ಉಲ್ಟಾ 1-5, ಏಕಾರ. ಹರಿ ಬೆರಳಾಡಿಸಿ ಓದುತ್ತಾನೆ: "ಜಠೇ? ಯಾರೋ ಇವ ಜಠೇ?" ಮುಂದೆ ಅದೇ ಅವರಿಬ್ಬರ ನಡುವಿನ ಹೆಸರು. ಕೂತು ಹೊಸೆದದ್ದಲ್ಲ, ನಮ್ಮ ಭಾಷೆಗಳ ಬ್ರೈಲ್ ಲಿಪಿಯಾದ ಭಾರತಿ ಬ್ರೈಲ್ ತಾನಾಗಿ ಕೊಟ್ಟದ್ದು. ಮೊದಲು ನಾಯಕನ ಹೆಸರು ಬೇರೆ ಇತ್ತು. ಅದು ಉಲ್ಟಾ ಆದರೆ ಓದಲಿಕ್ಕೇ ಬರುತ್ತಿರಲಿಲ್ಲ. ಇಪ್ಪತ್ತರಷ್ಟು ಹೆಸರು ತಿರುವಿ ನೋಡಿ ಹರಿಗೆ ಬಂದೆ.

ಆದರೂ ಸದ್ದಿನಲ್ಲಿ ಎಡವಿದೆ. ಚುಚ್ಚುವ ಸದ್ದನ್ನು ಕೈಗೆ ಬಂದಷ್ಟು ಹಾಕಿದ್ದೆ, ಹದಿನೈದೋ ಹದಿನಾರೋ. ಮೊದಲ ಸಲ ಕೇಳಿದ ಬ್ರೈಲ್ ಓದುಗರೊಬ್ಬರು "ಸಾರ್, ಹರಿಗೆ ಒಂಬತ್ತೇ ಚುಕ್ಕೆ" ಅಂದರು. ಮೂರು, ನಾಲ್ಕು, ಎರಡು. ಎಣಿಸಿದ್ದರು! ಮತ್ತೆ ರೆಕಾರ್ಡ್ ಮಾಡಿದೆ. ಸಾದಾ ಝೆರಾಕ್ಸ್ ಹಾಳೆ ಹರಿಯುತ್ತದೆ, ಸದ್ದೂ ಸತ್ತಿರುತ್ತದೆ. ದಪ್ಪ ಬ್ರೈಲ್ ಕಾಗದ ಚೆನ್ನ. ಅದು ಸಿಗದಿದ್ದರೆ ಹಳೇ ಗೋಡೆ ಕ್ಯಾಲೆಂಡರಿನ ಹಾಳೆ, ಹಾಸ್ಟೆಲ್ ಹುಡುಗರು ಅಭ್ಯಾಸಕ್ಕೆ ಬಳಸುವುದೂ ಅದನ್ನೇ. ಸ್ಲೇಟಿನ ಕೆಳಗೆ ಮರದ ಹಲಗೆ ಇರಲಿ, ಕಬ್ಬಿಣದ ಟೇಬಲ್ ಬೇಡ.

ಕರಡಿನಲ್ಲಿ ಇದ್ದು ಆಮೇಲೆ ಹೋದವು ಹಲವು. ಹರಿಯ ಬಾಯಲ್ಲಿ "ನೋಡು" ಬರಬಾರದು ಅಂತ ಎಲ್ಲ ಕಡೆ "ಕೇಳಿದೆ" ಮಾಡಿದ್ದೆ, ಹುಡುಗ ಅನ್ಯಗ್ರಹದವನಾದ. ಕಣ್ಣು ಕಾಣದವರು "ನಿನ್ನೆ ಮ್ಯಾಚ್ ನೋಡ್ದೆ" ಅಂತಲೇ ಅನ್ನುತ್ತಾರೆ. ಮುಖ ತಡವಿ ಗುರುತಿಸುವ ದೃಶ್ಯ ಕಿತ್ತೆ, ಅದು ಸಿನಿಮಾದವರ ಹುಚ್ಚು. ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಅಂದ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪನ್ನು ಮೆಸ್ಸಿನ ಟಿವಿಯಲ್ಲಿ ವಾರ್ತೆಯಾಗಿ ಹಾಕಿದ್ದೆ, 377ನೇ ಕಲಮು, ಎಲ್ಲ. ಕಥೆ ನಿಂತು ಭಾಷಣ ಶುರುವಾಯಿತು. ಅದೂ ಹೋಯಿತು. "ಸಲಿಂಗ" ಅನ್ನುವ ಪದ ಈಗ ನಾಟಕದಲ್ಲಿ ಒಂದು ಸಲವೂ ಬರುವುದಿಲ್ಲ. ಹದಿನೇಳರ ಮಲ್ಲುವಿನ ಹತ್ತಿರ ಆ ಪದ ಇಲ್ಲ. "ನನಗೇನಾಗೇತೋ ಗೊತ್ತಿಲ್ಲಪಾ" ಅಂತಾನೆ, ಅಷ್ಟು ಸಾಕಾಯಿತು.

ಉಳಿಸಿಕೊಂಡದ್ದು ಬಸ್ಸಿನ ದೃಶ್ಯ. ತೆರೆಯ ಮೇಲಿನದನ್ನೆಲ್ಲ ಓದಿ ಹೇಳುವ ಹರಿಯ ಫೋನು, ಮಲ್ಲು ಕಳಿಸಿದ ಮೆಸೇಜನ್ನು ಇಯರ್‌ಫೋನ್ ಕಿತ್ತ ಹೊತ್ತಲ್ಲೇ ಗಟ್ಟಿಯಾಗಿ ಓದಿಬಿಡುತ್ತದೆ, ಕೊನೆಗೆ "ಕೆಂಪು ಹೃದಯ" ಅಂತ ಇಮೋಜಿಯನ್ನೂ ಸೇರಿಸಿ. ರೂಢಿಯಿರುವವರು ಆ ದನಿಯನ್ನು ಇಟ್ಟುಕೊಳ್ಳುವ ವೇಗ ನಮ್ಮ ಕಿವಿಗೆ ನಿಲುಕುವುದಿಲ್ಲ. ಅದಕ್ಕೆ ಮೊದಲ ದೃಶ್ಯದಲ್ಲೇ ಮಲ್ಲು ಫೋನ್ ಕಸಿದು ವೇಗ ಇಳಿಸುವ ಹಾಗೆ ಮಾಡಿದೆ. ಬಸ್ಸಿನಲ್ಲಿ ಅದೇ ವೇಗ ಉಳಿದಿರುತ್ತದೆ, ಪಕ್ಕದ ಸೀಟಿನ ಅಜ್ಜನಿಗೂ ಕೇಳುತ್ತದೆ.

ನಡುವೆ ಒಂದು ಪ್ರಯೋಗಕ್ಕೆ ಸುಮ್ಮನೆ ದುಡ್ಡು ಸುರಿದೆ. ಎರಡು ಕಿವಿಯಲ್ಲಿ ಎರಡು ಪುಟ್ಟ ಮೈಕ್ ಸಿಕ್ಕಿಸಿಕೊಂಡು ಸಪ್ತಾಪುರದ ರಸ್ತೆಯಲ್ಲಿ ನಡೆದು ರೆಕಾರ್ಡ್ ಮಾಡುವುದು. ಹೆಡ್‌ಫೋನಿನಲ್ಲಿ ಅದ್ಭುತ, ಆಟೋ ಬೆನ್ನ ಹಿಂದಿನಿಂದ ಬಂದು ಹೋಗುತ್ತದೆ. ಆದರೆ ನಮ್ಮ ಜನ ಕೇಳುವುದು ಫೋನಿನ ಸ್ಪೀಕರಿನಲ್ಲಿ, ಅಲ್ಲಿ ಎಡ ಬಲ ಎಲ್ಲ ಒಂದೇ. ಆರು ಸಾವಿರ ಹೋಯಿತು. ಹುಡುಗರ ದನಿಯನ್ನು ಎಡ ಬಲ ಹಂಚಿದ್ದೂ ಇದೇ ಕಾರಣಕ್ಕೆ ವ್ಯರ್ಥ. ಕೊನೆಗೆ ಒಬ್ಬನನ್ನು ಹುಬ್ಬಳ್ಳಿ ಕಡೆಯವನು, ಇನ್ನೊಬ್ಬನನ್ನು ಶಿರಸಿ ಕಡೆಯವನು ಮಾಡಿದೆ, ಮಾತಿನ ಧಾಟಿಯಲ್ಲೇ ಬೇರೆಯಾದರು.

ಒಟ್ಟು ಖರ್ಚು ನೆನಪಿನ ಮೇಲೆ 40 ಸಾವಿರದ ಸುತ್ತ. ರೆಕಾರ್ಡರ್ ಒಂಬತ್ತೋ ಹತ್ತೋ, ನಾಲ್ವರು ಹವ್ಯಾಸಿ ನಟರಿಗೆ ತಲಾ ಮೂರು, ಉಳಿದದ್ದು ಆ ಕಿವಿ ಮೈಕ್, ಸ್ಟುಡಿಯೋ, ಚಹಾ, ಆಟೋ. ಮತ್ತೆ ಮಾಡಿದರೆ ಅರ್ಧದಲ್ಲಿ ಆಗುತ್ತದೆ. ಸ್ಟುಡಿಯೋ ಬೇಕಾಗಿಯೇ ಇರಲಿಲ್ಲ, ಎರಡು ಕೌದಿ ತೂಗುಹಾಕಿದ ಕೋಣೆ ಸಾಕಿತ್ತು. ನಾಟಕದಲ್ಲಿ ಕೇಳುವ ಮಳೆ ಮಾತ್ರ ಮಳೆಯಲ್ಲ. ಏನು ಅಂತ ಹೇಳುವುದಿಲ್ಲ, ಅಡುಗೆಮನೆಯಲ್ಲಿ ಸಿಗುತ್ತದೆ.

ಕಳಿಸುವವರಿಗೆ ಒಂದು ಮಾತು: ವಾಟ್ಸಾಪಿನಲ್ಲಿ ಫೈಲನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸ್ಪೀಕರಿನಲ್ಲಿ ಹಾಕಿ ಧ್ವನಿ ಸಂದೇಶವಾಗಿ ಹಿಡಿದು ಮುಂದೆ ಕಳಿಸಿದರೆ ಹೆಜ್ಜೆಗಳ ನಡುವಿನ ಆ 0.2 ಸೆಕೆಂಡ್ ಗೊರಗೊರ ಸದ್ದಿನಲ್ಲಿ ಮುಳುಗಿ, ಕೆರೆ ದಂಡೆಯಲ್ಲಿ ಒಬ್ಬನೇ ನಡೆಯುತ್ತಿರುತ್ತಾನೆ.