‘ಟ್ಯಾಲಿ ಬರುತ್ತೆ ಸರ್’ ಅಂದರೆ ಸಾಲದು

ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಬರುವ ಬಿ.ಕಾಂ. ಹುಡುಗ, ಹುಡುಗಿಯರನ್ನು ‘ಏನೇನು ಬರುತ್ತೆ?’ ಎಂದು ಕೇಳಿ ನೋಡಿ. ‘ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಎಲ್ಲ ಬರುತ್ತೆ ಸರ್, ಹಾರ್ಡ್‌ವರ್ಕ್ ಮಾಡ್ತೀನಿ’ ಎಂಬ ಉತ್ತರ ಬಾಯಿಪಾಠದಂತೆ ಬರುತ್ತದೆ. ಸುಳ್ಳೇನಲ್ಲ. ಆದರೆ ಹೊರಗೆ ಕಾಯುತ್ತಿರುವವರೂ ಅದನ್ನೇ ಹೇಳುವವರು. ಸಾಫ್ಟ್‌ವೇರ್ ಹೆಸರು ಬಿಟ್ಟು, ಮಾಡಿದ ಕೆಲಸ ಹೇಳಿ. ತಯಾರಿ ಹೀಗಿರಲಿ.

1. ಜಾಹೀರಾತು ಓದಿ, ಅದರಲ್ಲಿರುವ ಕೆಲಸಗಳಿಗೆ ಗೆರೆ ಎಳೆಯಿರಿ. ಬಿಲ್ ಎಂಟ್ರಿ, ಬ್ಯಾಂಕ್ ರಿಕನ್ಸಿಲಿಯೇಶನ್ (ನಮ್ಮ ಪುಸ್ತಕವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ಹಾಕುವುದು), ರಿಟರ್ನ್ ಫೈಲಿಂಗ್ ಎಂದಿದ್ದರೆ ಒಂದೊಂದಕ್ಕೂ ನೀವೇ ಕೈಯಾರೆ ಮಾಡಿದ ಕೆಲಸವೊಂದನ್ನು ಬರೆದುಕೊಳ್ಳಿ. ಆಡಿಟರ್ ಆಫೀಸಿನ ಇಂಟರ್ನ್‌ಶಿಪ್, ಚಿಕ್ಕಪ್ಪನ ಅಂಗಡಿಯ ಲೆಕ್ಕ, ಎಲ್ಲವೂ ನಡೆಯುತ್ತದೆ.

2. ಕೆಲಸವನ್ನು ತಾರೀಖಿನ ಸಮೇತ ಹೇಳಿ. ‘ಜಿಎಸ್‌ಟಿ ಗೊತ್ತು’ ಎನ್ನುವ ಬದಲು ಹೀಗೆ (ಜಿಎಸ್‌ಟಿಆರ್-1 ಅಂದರೆ ಮಾರಾಟದ ವಿವರ, 2ಬಿ ಅಂದರೆ ಸಪ್ಲೈಯರ್‌ಗಳು ಅಪ್‌ಲೋಡ್ ಮಾಡಿದ ಬಿಲ್‌ಗಳ ಪಟ್ಟಿ, 3ಬಿ ಅಂದರೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್):

‘ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ನೋಡ್ತಿದ್ದೆ ಸರ್. ತಿಂಗಳ ರಿಟರ್ನ್. ಜಿಎಸ್‌ಟಿಆರ್-1 ಅನ್ನು 11ನೇ ತಾರೀಖಿನೊಳಗೆ ಕಳಿಸ್ತಿದ್ದೆ. 14ಕ್ಕೆ 2ಬಿ ಬಂದ ಮೇಲೆ ಖರೀದಿ ಬಿಲ್‌ಗಳ ಜೊತೆ ತಾಳೆ ಹಾಕ್ತಿದ್ದೆ. ಬಿಲ್ ಅಪ್‌ಲೋಡ್ ಮಾಡದ ಸಪ್ಲೈಯರ್‌ಗಳಿಗೆ ಫೋನ್ ಮಾಡಿ ನೆನಪಿಸಿ, ಆ ಪಟ್ಟಿಯನ್ನ 20ಕ್ಕೆ 3ಬಿ ಹಾಕೋ ಮುಂಚೆ ಮಾಲೀಕರಿಗೆ ತೋರಿಸ್ತಿದ್ದೆ.’

ಅರ್ಧ ನಿಮಿಷದ ಮಾತು. ಗಡುವು ಗೊತ್ತಿದೆ, 2ಬಿಯಲ್ಲಿ ಕಾಣದ ಬಿಲ್‌ಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ಸಿಗದೆ ಮಾಲೀಕರು ಕೈಯಿಂದ ತೆರಿಗೆ ಕಟ್ಟಬೇಕಾದೀತು ಎಂಬ ಅರಿವಿದೆ, ಹೊರಗಿನವರ ಜೊತೆ ಮಾತಾಡಿ ಕೆಲಸ ತೆಗೆಯಬಲ್ಲಿರಿ ಎಂಬುದು ಕೇಳುವವರಿಗೆ ತಾನಾಗಿ ತಿಳಿಯುತ್ತದೆ. ‘ಕಮ್ಯುನಿಕೇಶನ್ ಸ್ಕಿಲ್ ಚೆನ್ನಾಗಿದೆ’ ಎಂದು ಬೇರೆ ಹೇಳಬೇಕಿಲ್ಲ. ಹೇಳಿದರೆ ಯಾರೂ ನಂಬುವುದೂ ಇಲ್ಲ ಬಿಡಿ.

3. ನಾಲ್ಕು ಜನ ಸೇರಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಎಷ್ಟೆಂದು ಬಿಡಿಸಿ ಹೇಳಿ.

4. ಅಡ್ಡಪ್ರಶ್ನೆಗೆ ಸಿದ್ಧರಾಗಿ. ಬ್ಯಾಂಕ್ ರಿಕನ್ಸಿಲಿಯೇಶನ್ ಮಾಡಿದ್ದೀರಿ ಎಂದರೆ, ‘ನಮ್ಮ ಪುಸ್ತಕಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟ್‌ಗೂ ವ್ಯತ್ಯಾಸ ಯಾಕೆ ಬರುತ್ತೆ?’ ಎಂದು ಕೇಳಿಯೇ ಕೇಳುತ್ತಾರೆ. ಕೊಟ್ಟ ಚೆಕ್ ಪಾಸಾಗಿಲ್ಲದಿರುವುದು, ಬ್ಯಾಂಕ್ ಚಾರ್ಜ್ ಎಂಟ್ರಿ ಆಗದಿರುವುದು, ಗ್ರಾಹಕರು ನೇರವಾಗಿ ಖಾತೆಗೆ ಹಾಕಿದ ಹಣ ಪುಸ್ತಕಕ್ಕೆ ಬಾರದಿರುವುದು: ಇಷ್ಟು ನಾಲಿಗೆಯ ತುದಿಯಲ್ಲಿರಲಿ. ಎಕ್ಸೆಲ್ ಬರುತ್ತೆ ಎಂದವರ ಮುಂದೆ ಕಂಪ್ಯೂಟರ್ ಸರಿಸಿ, ಪಿವೋಟ್ ಟೇಬಲ್ ಮಾಡಿ ತೋರಿಸಿ ಎನ್ನುವವರಿದ್ದಾರೆ. ರೆಸ್ಯೂಮೆಯಲ್ಲಿ ‘ಅಡ್ವಾನ್ಸ್ಡ್’ ಎಂಬ ಪದ ಸೇರಿಸುವ ಮುನ್ನ ಇದನ್ನು ಯೋಚಿಸಿ.

5. ಬಾರದ್ದನ್ನು ಬಾರದು ಎನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆಯ ಬಗ್ಗೆ ಕೇಳಿದರು ಎನ್ನಿ. ‘ಟಿಡಿಎಸ್ ರಿಟರ್ನ್ ನಾನೇ ಹಾಕಿಲ್ಲ ಸರ್. ಕಡಿತದ ಲೆಕ್ಕ ತೆಗೆದು, ಮುಂದಿನ ತಿಂಗಳ 7ರೊಳಗೆ ಕಟ್ಟೋಕೆ ಚಲನ್ ರೆಡಿ ಮಾಡ್ತಿದ್ದೆ’ ಎಂದರೆ ಎಲ್ಲಿಯವರೆಗೆ ಗೊತ್ತು ಎಂಬುದು ಸ್ಪಷ್ಟ. ‘ಮಾರ್ಚ್ ತಿಂಗಳದ್ದಕ್ಕೂ 7ನೇ ತಾರೀಖೇನಾ?’ ಎಂದು ಕೊಕ್ಕೆ ಹಾಕಬಹುದು. ಅಲ್ಲ, ಅದಕ್ಕೆ ಏಪ್ರಿಲ್ 30.

6. ಹಿಂದಿನ ದಿನ ಇದನ್ನೆಲ್ಲ ಮನೆಯವರ ಮುಂದೆ ಬಾಯಿಬಿಟ್ಟು ಹೇಳಿ ನೋಡಿ. ಅಕೌಂಟ್ಸ್ ಗೊತ್ತಿಲ್ಲದ ಅಮ್ಮನಿಗೂ ನೀವೇನು ಮಾಡುತ್ತಿದ್ದಿರಿ ಎಂಬುದು ಅರ್ಥವಾಗಬೇಕು.

7. ಹಳೆಯ ಆಫೀಸಿನ ಗಿರಾಕಿಗಳ ಹೆಸರು, ವಹಿವಾಟಿನ ಮೊತ್ತ ಬಾಯಿಗೆ ಬಾರದಿರಲಿ. ‘ಒಂದು ಬಟ್ಟೆ ಅಂಗಡಿ’ ಎಂದರೆ ಸಾಕು. ಅಲ್ಲಿನ ಗುಟ್ಟು ಇಲ್ಲಿ ಬಿಟ್ಟುಕೊಡುವವರ ಕೈಗೆ ಲೆಕ್ಕದ ಪುಸ್ತಕ ಕೊಡಲು ಯಾವ ಮಾಲೀಕರೂ ಹಿಂಜರಿಯುತ್ತಾರೆ.